ಖಾನಾಪುರದ ಕೆಂಪು ರಸ

ಪ್ರತಿಯೊಂದು ನಾಡಿನ ಊಟಕ್ಕೂ ಅದರದೇ ಆದ ಒಂದು ಪಾನವಿರುವದು. ನಮ್ಮ ಬಯಲುಸೀಮೆಯಲ್ಲಿ ರೊಟ್ಟಿಯುಂಡವನಿಗೆ ಮಜ್ಜಿಗೆ; ಚೀನದವರಿಗೆ ಚಹ; ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಗಿರುವ ಲಾಂಗ್ದಾಕ್ ಎಂಬ ಸೀಮೆಯಲ್ಲಿ ಕೆಂಪು ದ್ರಾಕ್ಷಾರಸ. ಶ್ರೀಮಂತರ ಔತಣಕ್ಕೆಂದು ನೆಲಮನೆಗಳಲ್ಲಿ ವರ್ಷಗಟ್ಟಲೆ ಕಾದಿಡುವ ಬೆಲೆಯುಳ್ಳ ರಸಗಳ ಮಾತು ಬೇರೆ. ಲಾಂಗ್ದಾಕಿನದು ಬಹುಮಟ್ಟಿಗೆ ಅಗ್ಗದ ರಸ. ಒಕ್ಕಲಿಗನೂ ಕೂಲಿಕಾರನೂ ದಿನದ ಊಟದೊಡನೆ ಕುಡಿಯುತ್ತ ಬಂದದ್ದು. ಕಾರಿನ್ಯಾನ್, ಗ್ರೆನಾಶ್, ಸಿರಾ ಮೊದಲಾದ ಕಪ್ಪು ದ್ರಾಕ್ಷಿಗಳನ್ನು ಸಿಪ್ಪೆಸಹಿತವಾಗಿ ಹುದುಗಿಗಿಟ್ಟು ಅದನ್ನು ತೆಗೆಯುತ್ತಾರೆ. ಬಣ್ಣವೂ ಒಗರೂ ಸಿಪ್ಪೆಯಿಂದಲೇ ಇಳಿಯತಕ್ಕವು.

ಆ ಸೀಮೆಯ ಮಧ್ಯದಲ್ಲಿ ಕಾರ್ಕಸೋನ್ ಎಂಬ ಕೋಟೆಯೂರು ಇದೆ. ಎರಡು ಸುತ್ತಿನ ಗೋಡೆ, ೫೨ ಬುರುಜುಗಳು. ಕೋಟೆಯ ಸುತ್ತಲಿನ ಬಯಲಿನಲ್ಲಿಯೂ ಗುಡ್ಡಗಳ ತಪ್ಪಲಿನಲ್ಲಿಯೂ ದ್ರಾಕ್ಷಿಯ ತೋಟಗಳು. ಆ ಕೋಟೆಗೆ ತನ್ನ ಸೀಮೆಯ ಕೆಂಪು ರಸವಿರುವಂತೆ ನಮ್ಮ ಬೆಳಗಾವಿಯ ಕೋಟೆಗೂ ಒಂದಿದೆ. ಅದು ಖಾನಾಪುರದ ಕಾಡಿನ ಮುರುಗಲ ಹಣ್ಣಿನ ರಸ. ಇದರಲ್ಲಿ ಅಮಲೆಂಬದು ಲೇಶವೂ ಇಲ್ಲವಾದುದರಿಂದ ಮಕ್ಕಳಿಗೂ ವೃದ್ಧರಿಗೂ ನಿಸ್ಸಂಕೋಚವಾಗಿ ಕೊಡಬಹುದು. ಆದರೆ ರುಚಿ ನೋಡುವ ಕ್ರಮ ಎರಡಕ್ಕೂ ಒಂದೇ. ಊಟದೊಡನೆ ಹೊಂದಿಸುವ ನಿಯಮಗಳೂ ಬಹುಶಃ ಒಂದೇ. ಎರಡಕ್ಕೂ ಒದಗಿದ ಕೇಡು ಸಹ ಒಂದೇ ಜಾತಿಯದು. ಆದುದರಿಂದ ಅದನ್ನು ಇದರೊಡನೆ ಇಟ್ಟು ನೋಡುವದರಿಂದ ನಮ್ಮ ಗೃಹಸ್ಥರಿಗೆ ಸ್ವಲ್ಪ ಲಾಭವಾದೀತೆಂದು ತಿಳಿದು, ನಾವು ವೈಶಾಖದ ಕೊನೆಯಲ್ಲಿ ಮಾಡಿದ ಒಂದು ಚಿಕ್ಕ ಪ್ರವಾಸದ ವೃತ್ತಾಂತವನ್ನು ಇಲ್ಲಿ ಬರೆಯುತ್ತೇವೆ.

ಬೆಳಗಾವಿಯ ಕೋಟೆಯನ್ನು ರಟ್ಟರ ಮಂತ್ರಿಯಾದ ಬೀಚಿರಾಜನು ಕ್ರಿ. ಶ. ೧೨೦೪ರ ಸುಮಾರಿಗೆ ಕಟ್ಟಿಸಿದನೆಂದು ಹೇಳುವರು. ಒಳಗಿರುವ ಕಮಲ ಬಸದಿಯೂ ಆತನದೇ. ಅದರ ಮಂಟಪದ ಚಾವಣಿಯಿಂದ ಕೆಳಮೊಗವಾಗಿ ಇಳಿದಿರುವ ಕಲ್ಲಿನ ಕಮಲವನ್ನು ನೋಡಿ ತಲೆಯೆತ್ತಿದವರು ಬೇಗನೆ ತಲೆಯಿಳಿಸಲಾರರು. ಅನತಿದೂರದಲ್ಲಿ ವಿಜಾಪುರದ ಬಾದಶಹರ ಸರದಾರನಾದ ಅಸದಖಾನನ ಸಫಾ ಮಸೀದಿ. ೧೮೧೮ರಲ್ಲಿ ಮುತ್ತಿಗೆಯಾಗಿ ಕೋಟೆ ಇಂಗ್ಲಿಷರ ವಶವಾಯಿತು. ಹೀಗೆ ಜೈನರು, ಮುಸಲ್ಮಾನರು, ಮರಾಠರು, ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಇದ್ದುಹೋದ ಈ ಕಂದಕದ ಅಂಚಿನಿಂದ ಹೊರಟು ನಾವು ಪೇಟೆಗೆ ನಡೆದೆವು.

ಪೇಟೆಯಲ್ಲಿ ಮುರುಗಲು ಎರಡು ವೇಷಗಳಲ್ಲಿ ಕಾಣಿಸಿತು. ಒಂದು, ಕಿರಾಣಿ ಅಂಗಡಿಯ ಹಲಗೆಯ ಮೇಲೆ ಸಾಲಾಗಿ ನಿಂತಿದ್ದ ಸೀಸೆಗಳು. ಕುಂಕುಮವನ್ನು ಕಲಸಿದಂತೆ ಥಳಥಳಿಸುವ ಕೆಂಪು. ಇನ್ನೊಂದು, ರಸ್ತೆಯ ಬದಿಗೆ ಗೋಣಿಯ ಮೇಲೆ ಸುರುವಿದ್ದ ಒಣ ಸಿಪ್ಪೆಗಳ ಗುಪ್ಪೆ. ಕಪ್ಪೆನ್ನಬೇಕೋ ಕೆಂಪೆನ್ನಬೇಕೋ ತಿಳಿಯದ, ಮುದುರಿದ, ಉಪ್ಪು ಬಿಳುಪಾಗಿ ಹತ್ತಿದ ಚೂರುಗಳು. ಎರಡರಲ್ಲಿ ಏನು ಭೇದವೆಂದು ಗೋಣಿಯ ಹತ್ತಿರ ಕುಳಿತ ಮುದುಕಿಯನ್ನು ಕೇಳಿದೆವು. “ಇದು ಗಿಡದ್ದರೀ ಅಣ್ಣಾ, ಅದು ಕಾರಖಾನಿದು,” ಎಂದು ಆಕೆ ಹೇಳಿ, ಒಂದು ಚೂರನ್ನು ನಮ್ಮ ಅಂಗೈಯಲ್ಲಿಟ್ಟಳು. ಹಲ್ಲು ಚಳಿತು ಹೋಗುವಷ್ಟು ಹುಳಿ! ಆದರೆ ಹುಳಿ ಅಡಗಿದ ಮೇಲೆ ಬಾಯಲ್ಲಿ ಹಣ್ಣಿನ ಒಂದು ವಾಸನೆ ಬಹಳ ಹೊತ್ತು ನಿಂತಿತು. ಆ ಗಿಡವನ್ನು ಅದರ ನೆಲದಲ್ಲಿಯೇ ನೋಡಬೇಕೆಂದು ಮರುದಿನ ಖಾನಾಪುರಕ್ಕೆ ಹೊರಟೆವು.

ಖಾನಾಪುರವು ಬೆಳಗಾವಿಯಿಂದ ದಕ್ಷಿಣಕ್ಕೆ ಲೋಂಡೆಯ ರೈಲುದಾರಿಯ ಮೇಲಿದೆ. ಊರ ಮಗ್ಗುಲಲ್ಲಿ ಮಲಪ್ರಭೆ ಹರಿಯುವಳು. ಅಲ್ಲಿಂದ ಪಶ್ಚಿಮಕ್ಕೆ ಜಾಂಬೋಟಿಯ ಮಾರ್ಗವಾಗಿ ಕಣಕುಂಬಿಗೆ ಹೋಗುವಾಗ ಎರಿಯ ನೆಲ ಹಿಂದುಳಿದು ಕೆಂಪು ಜಂಬಿಟ್ಟಿಗೆಯ ನೆಲ ಕಾಣಹತ್ತುವದು. ಜೋಳದ ಹೊಲಗಳು ಮುಗಿದು ಬತ್ತದ ಗದ್ದೆಗಳು ಬರುವವು. ಮಾತು ಕನ್ನಡದಿಂದ ಮರಾಠಿಗೂ ಮರಾಠಿಯಿಂದ ಕೊಂಕಣಿಗೂ ಹೊರಳುವದು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಳು. ಅದೇ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಗೋವೆಯ ಕಡೆ ಇಳಿಯುವಳು. ಎರಡು ಸಮುದ್ರಗಳ ನೀರು ಬೇರೆಯಾಗುವ ಈ ಬೆನ್ನೆಲುಬಿನ ಮೇಲೆಯೇ, ಮಳೆ ಹೇರಳವಾಗಿ ಸುರಿಯುವ ನೆರಳುಗಾಡಿನಲ್ಲಿ, ಮುರುಗಲ ಮರ ಬೆಳೆಯುತ್ತದೆ.

ನಮ್ಮಲ್ಲಿ ಮುರುಗಲು, ಕರಾವಳಿಯಲ್ಲಿ ಪುನರ್ಪುಳಿ, ಕೊಂಕಣಿಗರಲ್ಲಿ ಬಿರಿಂಡ, ಮರಾಠಿಯಲ್ಲಿ ಕೋಕಂ. ಒಣಗಿಸಿದ ಸಿಪ್ಪೆಗೆ ಆಮಸೂಲ್. ಇಷ್ಟೊಂದು ಹೆಸರುಗಳಿದ್ದರೂ ಮರ ಒಂದೇ. ಯಾವಾಗಲೂ ಹಸುರಾಗಿದ್ದು, ಟೊಂಗೆಗಳನ್ನು ಕೆಳಗೆ ಜೋಲಬಿಟ್ಟು, ಗೋಪುರದಂತೆ ಮೇಲಕ್ಕೆ ಚೂಪಾಗಿ ನಿಲ್ಲುವದು. ಚಿಗುರು ಕೆಂಪು. ಹಣ್ಣು ದೊಡ್ಡ ನಿಂಬೆಯಷ್ಟು. ಮಾಗಿದಾಗ ಕಡು ನೇರಳೆಗೆಂಪು. ಒಳಗೆ ಬಿಳಿಯ ತಿರುಳಿನಲ್ಲಿ ಐದರಿಂದ ಎಂಟು ಬೀಜಗಳು. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಬೆಳೆಸಿದವುಗಳಲ್ಲಿ ಸುಮಾರು ಅರ್ಧ ಗಂಡಾಗಿ ಹಣ್ಣೇ ಬಿಡುವದಿಲ್ಲ. ಅದೂ ಏಳೆಂಟು ವರ್ಷ ಕಾಯ್ದ ಮೇಲೆ ತಿಳಿಯತಕ್ಕ ಸಂಗತಿ. ಆದುದರಿಂದಲೇ ಈಗ ಕಸಿ ಕಟ್ಟಿದ ಸಸಿಗಳನ್ನು ನೆಡುವ ಪದ್ಧತಿ ಬಂದಿದೆ.

ಹಣ್ಣು ಚೈತ್ರ ವೈಶಾಖಗಳಲ್ಲಿ ಮಾಗಹತ್ತಿ ಮಳೆಗಾಲದ ಮೊದಲಿನ ವರೆಗೆ ಬರುವದು. ಇಲ್ಲಿಯೇ ಈ ಕಸಬಿನ ಕಷ್ಟವೆಲ್ಲ ಅಡಗಿದೆ. ಸಿಪ್ಪೆ ಒಣಗಲು ಬಿಸಿಲು ಬೇಕು. ಹಣ್ಣು ಪೂರ್ತಿ ಮಾಗುವ ಹೊತ್ತಿಗೆ ಮೋಡಗಳು ಪಶ್ಚಿಮದ ಕಣಿವೆಯಲ್ಲಿ ಬಂದು ನಿಂತಿರುತ್ತವೆ. ನಾವು ನೋಡಿದ ಒಂದು ಮನೆಯ ಅಂಗಳದಲ್ಲಿ ಚಾಪೆಗಳ ಮೇಲೆ ಹೋಳುಮಾಡಿದ ಸಿಪ್ಪೆಗಳನ್ನು ಹರವಿದ್ದರು. ಮನೆಯೊಡತಿ ತಿರುಳಿನ ರಸಕ್ಕೆ ಉಪ್ಪು ಕೂಡಿಸಿ, ಒಣಗಿದ ಸಿಪ್ಪೆಯನ್ನು ಅದರಲ್ಲಿ ಅದ್ದಿ, ಮತ್ತೆ ಬಿಸಿಲಿಗೆ ಹಾಕುತ್ತಿದ್ದಳು. ಹೀಗೆ ದಿನಕ್ಕೊಮ್ಮೆಯಂತೆ ಹಲವು ದಿನ ಅದ್ದಿ ಒಣಗಿಸಿದರೆ ಸಿಪ್ಪೆ ಕಪ್ಪಾಗಿ ಮೆತ್ತಗೆ ಉಳಿದು ವರ್ಷವಿಡೀ ಬಾಳುವದು. “ಮಿರಗ ಕೂಡಿದರ ಎಲ್ಲಾ ನೀರಾಗತೈತ್ರೀ; ಅದಕ್ಕ ಮೊದಲ ಒಣಗಬೇಕು,” ಎಂದು ಆಕೆ ಕೈಗೆಲಸ ಬಿಡದೆಯೇ ಹೇಳಿದಳು. ಮೃಗಶಿರಾ ಮಳೆ ಜೂನಿನ ಮೊದಲ ವಾರದ ಕೊನೆಗೆ ಕೂಡುವದು. ಅಂದರೆ ವರ್ಷದ ಗಳಿಕೆಯನ್ನೆಲ್ಲ ಕೆಲವೇ ವಾರಗಳ ಬಿಸಿಲಿನಲ್ಲಿ ಕೂಡಿಹಾಕಬೇಕು. ಬೀಜವೂ ಹಾಳಾಗುವದಿಲ್ಲ. ಅದನ್ನು ಕುಟ್ಟಿ ಕುದಿಸಿ ತೆಗೆದ ಮುರುಗಲ ತುಪ್ಪವು ಗಟ್ಟಿಯಾಗಿ ನಿಂತು ಮೈಯ ಬಿಸಿಗೆ ಕರಗುವದು. ಒಡೆದ ಹಿಮ್ಮಡಿಗೂ ತುಟಿಗೂ ಹಚ್ಚಿಕೊಳ್ಳುವರು.

ಇನ್ನು ರುಚಿ ನೋಡುವ ವಿಷಯ. ದ್ರಾಕ್ಷಾರಸವನ್ನು ಪರೀಕ್ಷಿಸುವವರು ಮೊದಲು ಅದನ್ನು ಬೆಳಕಿಗೆ ಹಿಡಿದು ಬಣ್ಣ ನೋಡುವರು. ಆಮೇಲೆ ಪಾತ್ರೆಯನ್ನು ತಿರುಗಿಸಿ ಮೂಸುವರು. ತರುವಾಯ ಒಂದು ಗುಟುಕನ್ನು ನಾಲಿಗೆಯ ಮೇಲೆಲ್ಲ ಆಡಿಸಿ, ಹುಳಿ ಎಷ್ಟು, ಒಗರು ಎಷ್ಟು, ಸವಿ ಎಷ್ಟು ಎಂದು ಬೇರೆಬೇರೆಯಾಗಿ ಗುರುತಿಸುವರು. ಕಡೆಗೆ ನುಂಗಿ, ಅಥವಾ ಉಗುಳಿ, ರುಚಿ ಬಾಯಲ್ಲಿ ಎಷ್ಟು ಹೊತ್ತು ನಿಲ್ಲುವದೆಂದು ಕಾಯುವರು. ಈ ನಾಲ್ಕು ಮೆಟ್ಟಲುಗಳನ್ನು ನಾವು ಕಣಕುಂಬಿಯ ಆ ಅಂಗಳದಲ್ಲಿ, ಸಕ್ಕರೆ ಹಾಕದ ಮುರುಗಲ ನೀರಿನ ಮೇಲೆ ಪ್ರಯೋಗಿಸಿದೆವು.

ಬಿಳಿಯ ಪಿಂಗಾಣಿಯ ಬಟ್ಟಲಲ್ಲಿ ನೋಡಿದರೆ ಬಣ್ಣವು ದಾಳಿಂಬೆಯ ರಸದಂತೆ. ಅಂಚಿನಲ್ಲಿ ತಿಳಿಯಾಗಿ, ನಡುವೆ ಗಾಢವಾಗಿ ಇತ್ತು. ಪೇಟೆಯ ಸೀಸೆಯಂತೆ ಥಳಥಳಿಸುತ್ತಿರಲಿಲ್ಲ. ಮೂಗಿಗೆ ತೀವ್ರವಾದ ಪರಿಮಳವೇನೂ ಬರಲಿಲ್ಲ. ಒಣ ಹಣ್ಣಿನದೂ ಬಿಸಿಲಿಗಿಟ್ಟ ಉಪ್ಪಿನಕಾಯಿಯದೂ ಕೂಡಿದಂತಹ ಒಂದು ಸೌಮ್ಯ ವಾಸನೆ. ನಾಲಿಗೆಗೆ ಮೊದಲು ಉಪ್ಪು, ಒಡನೆಯೇ ಹುಳಿ. ಈ ಹುಳಿಯು ಹುಣಸೆಯಂತೆ ಭಾರವಾದುದಲ್ಲ. ನಿಂಬೆಯಂತೆ ಕತ್ತಿಯ ಅಲಗೂ ಅಲ್ಲ. ನಾಲಿಗೆಯ ಎರಡೂ ಬದಿಗೆ ಅಗಲವಾಗಿ ಹರಡುವಂತಹದು. ಹಿಂದಿನಿಂದ ಸ್ವಲ್ಪವೇ ಒಗರು. ನುಂಗಿದ ಮೇಲೆ ಬಾಯಲ್ಲಿ ನೀರೂರಿ ಇನ್ನೊಂದು ತುತ್ತಿನ ಅಪೇಕ್ಷೆಯಾಯಿತು. ಊಟದ ಪಾನಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣವಿಲ್ಲ.

ಊಟದೊಡನೆ ಹೊಂದಿಸುವಾಗ ಲಾಂಗ್ದಾಕಿನವರ ನಿಯಮ ಸರಳವಾದುದು: ಜಿಡ್ಡಿಗೆ ಹುಳಿ, ದಪ್ಪ ಅಡಿಗೆಗೆ ಒಗರು. ಕಾರ್ಕಸೋನಿನ ಕಡೆಗೆ ಕಾಸುಲೆ ಎಂಬ ಅಡಿಗೆಯುಂಟು. ಬಿಳಿಯ ಕಾಳುಗಳನ್ನು ಮಾಂಸದ ಕೊಬ್ಬಿನೊಡನೆ ಮಣ್ಣಿನ ಪಾತ್ರೆಯಲ್ಲಿ ತಾಸುಗಟ್ಟಲೆ ಬೇಯಿಸುವರು. ಅಂತಹ ಅಡಿಗೆಯ ಜಿಡ್ಡನ್ನು ಕೆಂಪು ರಸದ ಹುಳಿಯೂ ಒಗರೂ ಬಾಯಿಂದ ತೊಳೆದು, ಮುಂದಿನ ತುತ್ತನ್ನು ಮೊದಲಿನದರಷ್ಟೇ ರುಚಿಯಾಗಿಸುವವು. ನಮ್ಮ ಅಡಿಗೆಯಲ್ಲಿಯೂ ಜಿಡ್ಡಿಗೆ ಕೊರತೆಯಿಲ್ಲ. ಶೇಂಗಾ, ಎಳ್ಳು, ಕೊಬ್ಬರಿಗಳನ್ನು ತುಂಬಿದ ಎಣ್ಣೆಗಾಯಿ. ಒಗ್ಗರಣೆಯಲ್ಲಿ ಮುಳುಗಿದ ಝುಣಕ. ಎಣ್ಣೆ ಸುರಿದುಕೊಂಡು ತಿನ್ನುವ ಶೇಂಗಾ ಚಟ್ನಿ, ಬಿಸಿ ರೊಟ್ಟಿಯ ಮೇಲಿನ ಬೆಣ್ಣೆ. ಮರಳಿ ಬೆಳಗಾವಿಗೆ ಬಂದ ಮೇಲೆ ನಾವು ಮನೆಯವರೆಲ್ಲರೂ ಕೂಡಿ ಇವೊಂದೊಂದರ ಜೊತೆಗೂ ಮುರುಗಲ ನೀರನ್ನು ಕುಡಿದು ನೋಡಿದೆವು.

ಎಣ್ಣೆಗಾಯಿಗೆ ಅದು ಎಲ್ಲಕ್ಕಿಂತ ಚೆನ್ನಾಗಿ ಹೊಂದಿತು. ಶೇಂಗಾದ ಜಿಡ್ಡು ಕರಗಿ ಬದನೆಯ ಸವಿ ಮೇಲೆ ಬಂತು. ಝುಣಕದೊಡನೆಯೂ ಉತ್ತಮ, ಕಡಲೆ ಹಿಟ್ಟು ಗಂಟಲಿಗೆ ಕಟ್ಟುವ ಒಣತನವನ್ನು ಅದು ಇಳಿಸಿತು. ಖಾರದ ವಿಷಯದಲ್ಲಂತೂ ನಮ್ಮ ರಸವು ಅವರದಕ್ಕಿಂತ ಮೇಲು. ದ್ರಾಕ್ಷಾರಸದೊಳಗಿನ ಮದ್ಯಾಂಶವೂ ಒಗರೂ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುವವು. ಮುರುಗಲ ನೀರಿಗೆ ಬೆಲ್ಲದ ಒಂದು ಚೂರು ಹಾಕಿದರೆ ಆ ಉರಿ ಶಮನವಾಗುವದು. ಸಪ್ಪೆ ಅನ್ನ ಬೇಳೆಗೆ ಮಾತ್ರ ಅದು ಹೆಚ್ಚಾಯಿತು. ಅಲ್ಲಿ ಮಜ್ಜಿಗೆಯೇ ಮೇಲು. ಮೊಸರನ್ನ ಮಜ್ಜಿಗೆಗಳ ಜೊತೆ ಇದನ್ನು ಇಡಬಾರದು. ಹುಳಿಯ ಮೇಲೆ ಹುಳಿ ಬಿದ್ದು ಎರಡೂ ಕೆಡುವವು. ಇನ್ನು ಬೆಳಗಾವಿಯ ಹೆಮ್ಮೆಯ ಕುಂದಾ! ಹಾಲು ಸಕ್ಕರೆಗಳನ್ನು ಕಂದುಬಣ್ಣಕ್ಕೆ ತಿರುಗುವ ವರೆಗೆ ಕಾಯಿಸಿದ ಆ ಸಿಹಿಯ ಹಿಂದೆ ಮುರುಗಲ ನೀರನ್ನು ಕುಡಿದರೆ ರಸವು ಬರಿಯ ಆಮ್ಲದಂತೆ ಚುಚ್ಚುವದು. ಸಿಹಿಯು ಯಾವಾಗಲೂ ಹುಳಿಯನ್ನು ಎದ್ದು ಕಾಣಿಸುವದು. ಫ್ರಾನ್ಸಿನವರು ಮಿಠಾಯಿಯೊಡನೆ ಕೆಂಪು ರಸವನ್ನು ದೂರವಿಡುವದೂ ಇದೇ ಕಾರಣದಿಂದ. ಕುಂದಾ ತಿಂದವರು ತಣ್ಣೀರು ಕುಡಿಯಲಿ.

ಮೀನೂಟದ ಮನೆಗಳಲ್ಲಿ ಸೋಲಕಢಿಯ ಪದ್ಧತಿಯಿದೆ. ನೆನೆಸಿದ ಮುರುಗಲ ನೀರಿಗೆ ತೆಂಗಿನ ಹಾಲು, ಹಸಿಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಕೂಡಿಸುವರು. ಕಡುಗೆಂಪು ಹೋಗಿ ತಾವರೆಯ ಎಸಳಿನ ಬಣ್ಣ ಬರುವದು. ಇದನ್ನು ಒಲೆಯ ಮೇಲೆ ಇಡಬಾರದು. ಬಿಸಿಯಾದರೆ ತೆಂಗಿನ ಹಾಲು ಒಡೆಯುವದು. ಕರಿದ ಮೀನಿನ ತರುವಾಯ ಒಂದು ಬಟ್ಟಲು ಸೋಲಕಢಿಯನ್ನು ಕುಡಿದವರಿಗೆ ಅದರ ಗುಣವನ್ನು ನಾವು ಹೇಳಬೇಕಾಗಿಲ್ಲ.

ಇಷ್ಟು ಗುಣವುಳ್ಳ, ಇಷ್ಟು ಅಗ್ಗದ ರಸಕ್ಕೆ ಕೇಡು ಬಂದುದು ಎಲ್ಲಿಂದ? ಇದನ್ನು ತಿಳಿಯಲು ಮತ್ತೆ ಲಾಂಗ್ದಾಕಿಗೆ ಹೋಗಬೇಕು. ೧೮೬೦ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ಬಳ್ಳಿಗಳ ಬೇರಿಗೆ ಫಿಲೋಕ್ಸೆರಾ ಎಂಬ ಬಹು ಸಣ್ಣ ಹೇನು ಹತ್ತಿತು. ಅದು ಅಮೇರಿಕದಿಂದ ಬಂದುದು. ತೋಟಗಳು ಒಣಗಿದವು, ರಸ ಸಾಲದಾಯಿತು. ಆಗ ವ್ಯಾಪಾರಿಗಳು ಹಿಂಡಿದ ಸಿಪ್ಪೆಗೆ ನೀರು ಸಕ್ಕರೆ ಸುರುವಿ ಮತ್ತೊಮ್ಮೆ ಹುದುಗಿಸಿ, ಒಣದ್ರಾಕ್ಷಿಯನ್ನು ನೆನೆಹಾಕಿ, ಬಣ್ಣ ಕೂಡಿಸಿ ಕೃತಕ ರಸವನ್ನು ಮಾರಹತ್ತಿದರು. ಅಮೇರಿಕದ ಬೇರಿನ ಮೇಲೆ ಕಸಿ ಕಟ್ಟಿ ತೋಟಗಳು ಮರಳಿ ಬೆಳೆದವು. ಆದರೆ ಕೃತಕ ರಸವು ಪೇಟೆಯನ್ನು ಬಿಡಲಿಲ್ಲ. ನಿಜವಾದ ರಸದ ಬೆಲೆ ಕುಸಿದು ಒಕ್ಕಲಿಗರು ಸಾಲದಲ್ಲಿ ಮುಳುಗಿದರು. ೧೯೦೭ರ ಮಾರ್ಚ್ ೧೧ರಂದು ಅರ್ಜೆಲಿಯೆ ಎಂಬ ಹಳ್ಳಿಯಿಂದ ಮಾರ್ಸೆಲಾಂ ಆಲ್ಬೆರ್ ಎಂಬವನ ಮುಂದಾಳ್ತನದಲ್ಲಿ ೮೭ ಜನ ನಾರ್ಬೋನ್ ಪಟ್ಟಣಕ್ಕೆ ನಡೆದುಹೋದರು. ಜೂನ್ ೯ರಂದು ಮೋಂಪೆಲಿಯೆಯಲ್ಲಿ ಕೂಡಿದವರು ಲಕ್ಷಗಟ್ಟಲೆ. ಅದೇ ತಿಂಗಳು ನಾರ್ಬೋನಿನಲ್ಲಿ ಸೈನಿಕರು ಗುಂಡು ಹಾರಿಸಿ ಹಲವರು ಸತ್ತರು. ಆ ಸೀಮೆಯ ಮಕ್ಕಳೇ ತುಂಬಿದ್ದ ಒಂದು ಪಲಟಣವು ಆಜ್ಞೆಯನ್ನು ಮೀರಿ ಬೆಜಿಯೆ ಪಟ್ಟಣದಲ್ಲಿ ಜನರೊಡನೆ ಬಂದು ನಿಂತಿತು. ಜೂನ್ ೨೯ರಂದು ಸರಕಾರವು ಕಲಬೆರಕೆಯನ್ನು ತಡೆಯುವ ಕಾಯಿದೆಯನ್ನು ಮಾಡಿತು. ಅಗ್ಗದ ಕೆಂಪು ರಸವೊಂದರ ನಿಜತನಕ್ಕಾಗಿ ಜನರು ಪ್ರಾಣವನ್ನೂ ತೆತ್ತರು.

ನಮ್ಮಲ್ಲಿ ಯಾರೂ ಗುಂಡಿಗೆ ಎದೆಯೊಡ್ಡಬೇಕಾಗಿಲ್ಲ. ಆದರೆ ಕಾರಣ ಕಾರ್ಯಗಳ ಸರಪಳಿ ಅದೇ ಆಗಿದೆ. ನಿಂಬೆಹುಳಿಯ ಪುಡಿ, ಸಕ್ಕರೆ, ಕಾರಖಾನೆಯ ಕೆಂಪು ಬಣ್ಣ, ಒಂದಿಷ್ಟು ವಾಸನೆ ಕೂಡಿದರೆ ಮುರುಗಲೆಂದು ನಂಬಿಸುವ ಶರಬತ್ತು ಸಿದ್ಧವಾಗುವದು. ಅದಕ್ಕೆ ಏಳೆಂಟು ವರ್ಷ ಮರ ಕಾಯುವದು ಬೇಡ, ಮೃಗಶಿರೆಯ ಭಯವಿಲ್ಲ, ಅಂಗಳದ ಬಿಸಿಲು ಬೇಡ. ಕೊಳ್ಳುವವನಿಗೆ ಭೇದ ತಿಳಿಯದಿದ್ದರೆ ಎರಡಕ್ಕೂ ಒಂದೇ ಬೆಲೆ ಕಟ್ಟುವನು. ಹಾಗೆ ಕಟ್ಟಿದಾಗ ಶ್ರಮದ ವಸ್ತುವು ಪೇಟೆಯಿಂದ ಹೊರಬೀಳುವದು. ಬೆಲೆ ಸಿಗದ ಒಕ್ಕಲು ಮೂರು ಕೆಲಸಗಳಲ್ಲಿ ಒಂದನ್ನು ಮಾಡುವದು: ಹಣ್ಣು ಮಾಗುವ ಮುಂಚೆಯೇ ಕೀಳುವದು, ಇಲ್ಲವೆ ಹತ್ತುವ ಶ್ರಮ ತಪ್ಪಿಸಲು ಟೊಂಗೆಯನ್ನೇ ಕಡಿಯುವದು, ಇಲ್ಲವೆ ಮರವನ್ನು ಸೌದೆಯೆಂದು ಎಣಿಸುವದು. ಭೀಮಗಡದ ಕಾಡು ೨೦೧೧ರಲ್ಲಿ ಅಭಯಾರಣ್ಯವಾಯಿತು. ಅದರೊಳಗೆ ಹಣ್ಣು ಕೀಳುವದಕ್ಕೆ ಕಾನೂನಿನ ನಿರ್ಬಂಧವಿರುವದು ಯುಕ್ತವೇ ಸರಿ. ಆದರೆ ಅದರಿಂದಲೇ ಹಿತ್ತಲಿನ, ಗದ್ದೆಯ ಬದುವಿನ ಮರಗಳ ಮಹತ್ವ ಹೆಚ್ಚಿತು. ಅವುಗಳನ್ನು ಉಳಿಸತಕ್ಕವರು ಅಲ್ಲಿಯ ಮನೆಗಳವರು. ಉಳಿಸುವಂತೆ ಮಾಡತಕ್ಕವರು ಸಿಪ್ಪೆಯನ್ನು ಕೊಳ್ಳುವ ನಾವು.

ಹಾಗಾದರೆ ಗೃಹಸ್ಥರು ಏನು ಮಾಡಬೇಕು? ಮೊದಲನೆಯದು, ಸೀಸೆಗೆ ಅಂಟಿಸಿದ ಚೀಟಿಯನ್ನು ಓದಬೇಕು. ಒಳಗಿನ ಪದಾರ್ಥಗಳನ್ನೂ ಕೂಡಿಸಿದ ಬಣ್ಣವನ್ನೂ ಅದರ ಮೇಲೆ ನಮೂದಿಸಬೇಕೆಂಬದು ಕಾಯಿದೆ. ಎರಡನೆಯದು, ಅಡಿಗೆಮನೆಯಲ್ಲಿಯೇ ಒಂದು ಪರೀಕ್ಷೆಯುಂಟು. ಒಂದು ಚಮಚೆ ರಸವನ್ನು ಬಿಳಿಯ ಬಟ್ಟಲಿಗೆ ಹಾಕಿ, ನೀರು ಬೆರೆಸಿ, ನೊರೆ ನಿಲ್ಲುವ ವರೆಗೆ ಅಡಿಗೆ ಸೋಡವನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಬೇಕು. ಮುರುಗಲ ಕೆಂಪು ಹಣ್ಣಿನ ಸಹಜವಾದ ಬಣ್ಣವಾದುದರಿಂದ ಹುಳಿ ಮುರಿದ ಕೂಡಲೆ ತನ್ನ ಕೆಂಪನ್ನು ಬಿಟ್ಟು ನೇರಳೆ, ಬೂದಿಗಳ ಕಡೆಗೆ ಹೊರಳುವದು. ಕಾರಖಾನೆಯ ಕೆಂಪು ಹೆಚ್ಚುಕಡಿಮೆ ಕೆಂಪಾಗಿಯೇ ಉಳಿಯುವದು. ಇದು ನ್ಯಾಯಾಲಯದ ಸಾಕ್ಷಿಯಲ್ಲ. ಬೇರೆ ಹಣ್ಣಿನ ಬಣ್ಣವೂ ಹೀಗೆ ಹೊರಳೀತು. ಆದರೂ ಮನೆಯ ಮಟ್ಟಿಗೆ ಒಳ್ಳೆಯ ಸೂಚನೆ. ಮೂರನೆಯದು ಎಲ್ಲಕ್ಕಿಂತ ಸುಲಭ: ಸೀಸೆಯನ್ನು ಬಿಟ್ಟು ಸಿಪ್ಪೆಯನ್ನೇ ಕೊಳ್ಳುವದು.

ಮಾಡುವ ಕ್ರಮ ಹೀಗಿದೆ. ನಾಲ್ಕು ಜನರಿಗೆ ಹದಿನೈದು ಇಪ್ಪತ್ತು ಚೂರು ಒಣ ಸಿಪ್ಪೆಯನ್ನು ಒಮ್ಮೆ ತೊಳೆದು, ಎರಡು ಬಟ್ಟಲು ನೀರಿನಲ್ಲಿ ಎರಡು ತಾಸು ನೆನೆಸಬೇಕು. ಕೈಯಿಂದ ಹಿಚುಕಿ ಸೋಸಬೇಕು. ಇನ್ನೆರಡು ಬಟ್ಟಲು ತಣ್ಣೀರು, ಹುರಿದು ಪುಡಿಮಾಡಿದ ಜೀರಿಗೆ, ರುಚಿಗೆ ಬೆಲ್ಲ ಕೂಡಿಸಬೇಕು. ಸಿಪ್ಪೆಯಲ್ಲಿಯೇ ಉಪ್ಪಿರುವದರಿಂದ ಬೇರೆ ಉಪ್ಪನ್ನು ರುಚಿ ನೋಡಿಯೇ ಹಾಕತಕ್ಕದ್ದು. ಹಸಿ ಹಣ್ಣು ಸಿಕ್ಕಾಗ ಸಿಪ್ಪೆಗೆ ಸಕ್ಕರೆಯನ್ನು ಪದರ ಪದರವಾಗಿ ತುಂಬಿ ಗಾಜಿನ ಭರಣಿಯಲ್ಲಿ ಕೆಲವು ದಿನ ಬಿಸಿಲಿಗಿಟ್ಟರೆ ತಾನಾಗಿಯೇ ಪಾಕವಾಗುವದು. ತಾಮ್ರ ಹಿತ್ತಾಳೆಗಳನ್ನು ಮಾತ್ರ ಮುಟ್ಟಿಸಬಾರದು. ಹುಳಿಯು ಅವನ್ನು ತಿಂದು ರಸವನ್ನು ವಿಷಮಾಡುವದು. ಗಾಜು, ಪಿಂಗಾಣಿ, ಮಣ್ಣು ಉತ್ತಮ.

ಬೆಳಗಾವಿ ಜಿಲ್ಲೆಯ ಅಥಣಿಯ ಕಡೆಗೆ ದ್ರಾಕ್ಷಿಯ ತೋಟಗಳೂ ಇವೆ. ನಂದಿಬೆಟ್ಟದ ಕೆಳಗೆ ದ್ರಾಕ್ಷಾರಸವನ್ನು ತೆಗೆಯುವ ಉದ್ಯೋಗವೂ ಬೆಳೆದಿದೆ. ಕುಡಿಯುವವರು ತಮ್ಮ ವಿವೇಕವನ್ನು ಅನುಸರಿಸಲಿ. ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಕುಡಿಯಬಹುದಾದ ಕೆಂಪು ರಸವು ಬೇಕೆಂಬವರಿಗೆ ಖಾನಾಪುರದ ಕಾಡು ಪ್ರತಿ ಬೇಸಗೆಯಲ್ಲಿಯೂ ಅದನ್ನು ಕೊಡುತ್ತಿದೆ. ಮುಂದಿನ ಸಲ ಪೇಟೆಗೆ ಹೋದಾಗ, ಥಳಥಳಿಸುವ ಸೀಸೆಯ ಮುಂದೆ ಕ್ಷಣಹೊತ್ತು ನಿಂತು ವಿಚಾರಿಸಿ, ಗೋಣಿಯ ಮೇಲಿನ ಆ ಕಪ್ಪು ಚೂರುಗಳನ್ನು ಅರ್ಧ ಸೇರು ಕಟ್ಟಿಸಿಕೊಂಡು ಬರಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ. ಎಣ್ಣೆಗಾಯಿ ಮಾಡುವ ದಿನವನ್ನು ಮನೆಯ ಗೃಹಿಣಿಯರೇ ಗೊತ್ತುಪಡಿಸಲಿ.